ಯಾರೂ ತಡೆಯದ ತಪ್ಪು ಪಾಠ

ಅವರಿಗೊಂದು ಹೆಸರು ಇದ್ದೇ ಇತ್ತು, ಆದರೆ ಅದು ಹಾಜರಿ ಪುಸ್ತಕದಿಂದ ಹೊರಗೆ ಬಂದದ್ದೇ ಇಲ್ಲ. ಶಿಕ್ಷಕರೆಲ್ಲ ಅವರನ್ನು ಕರೆಯುತ್ತಿದ್ದದ್ದು 'ಹೇಗ್ಬಂತು ಟೀಚರು' ಎಂದು. ಲೆಕ್ಕದ ಉತ್ತರ ತಪ್ಪಿದರೂ ಅವರು ಕೇಳುತ್ತಿದ್ದದ್ದು "ಹೇಗ್ ಬಂತು?", ಸರಿಯಾದರೂ ಕೇಳುತ್ತಿದ್ದದ್ದು "ಹೇಗ್ ಬಂತು?" ಫ್ರಿಜ್ ರಿಪೇರಿ ಮಾಡುವ ಗಂಡ ಸಂಜೆ ಮನೆಗೆ ಬಂದು ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚಿದರೆ, ಔಷಧಿ ಹಚ್ಚಿಸಿಕೊಳ್ಳುವ ಮೊದಲು ಆ ಗಾಯ ಹೇಗೆ ಬಂತೆಂದು ಹೇಳಿ ಮುಗಿಸಬೇಕು. ಎಂಬತ್ತು ದಾಟಿದ ಅತ್ತೆಗೆ ಸೊಸೆಯ ಈ ಚಟ ಕಂಡರೆ ನಗು. "ನಾಳೆ ನನ್ನ ಕರ್ಕೊಂಡು ಹೋಗೋಕೆ ಯಮ ಬಂದ್ರೂ ಇವಳು ಬಾಗಿಲಲ್ಲೇ ನಿಲ್ಲಿಸಿ, ನಮ್ಮನೆ ವಿಳಾಸ ನಿಮಗೆ ಹೇಗ್ ಸಿಕ್ತು ಅಂತ ವಿಚಾರಣೆ ಮಾಡ್ತಾಳೆ. ಅಷ್ಟರಲ್ಲಿ ನಾನು ಇನ್ನೊಂದು ವರ್ಷ ಬದುಕ್ಬಿಡ್ತೀನಿ" ಎನ್ನುತ್ತಿದ್ದರು.

ಹತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ, ಆಮೇಲೆ ಇಪ್ಪತ್ತೆರಡು ವರ್ಷ, ಮಕ್ಕಳಿಗೆ ಲೆಕ್ಕ ಕಲಿಸುವವರಿಗೆ ಕಲಿಸಿದವರು ಅವರು. ತರಬೇತಿ ಕೇಂದ್ರದ ಮೊದಲ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಎರಡು ಫ್ಯಾನು, ಒಂದು ಗಾಳಿಗೆ, ಇನ್ನೊಂದು ಬರೀ ಶಬ್ದಕ್ಕೆ. ಮೂರನೇ ಕ್ಲಾಸಿನ ಮಕ್ಕಳಿಗೆಂದು ಮಾಡಿಸಿದ ಗಿಡ್ಡ ಬೆಂಚುಗಳ ಮೇಲೆ, ಮೊಣಕಾಲು ಎದೆಗೆ ತಾಗುವಂತೆ ಕೂತ ನಲವತ್ತು ಜನ ಶಿಕ್ಷಕರು. ಬೆನ್ನು ನೋವು, ಬೇರೆ ಬೆಂಚು ಹಾಕಿಸಿ ಎಂದು ಯಾರಾದರೂ ಗೊಣಗಿದರೆ, "ಮಗುವಿನ ಎತ್ತರದಿಂದ ಬೋರ್ಡು ಹೇಗೆ ಕಾಣತ್ತೆ ಅಂತ ಐದು ದಿನ ನೋಡ್ಕೊಳ್ಳಿ, ಬೆನ್ನು ಆಮೇಲೆ ಸರಿಹೋಗತ್ತೆ" ಎನ್ನುವುದು ಸಿದ್ಧ ಉತ್ತರ.

ಅವರ ತರಬೇತಿ ಭಾಷಣದಿಂದ ಶುರುವಾಗುತ್ತಿರಲಿಲ್ಲ, ತಪ್ಪು ಪಾಠದಿಂದ ಶುರುವಾಗುತ್ತಿತ್ತು. ಬೇಕೆಂದೇ ಮಾಡುವ ತಪ್ಪು. ಬೋರ್ಡಿನ ಮೇಲೆ ನಲವತ್ತೆರಡರಲ್ಲಿ ಹದಿನೇಳು ಕಳೆಯುವ ಲೆಕ್ಕ ಬರೆಯುವುದು. ಮೊದಲೇ ಗುಟ್ಟಾಗಿ ಹೇಳಿಟ್ಟ ಒಬ್ಬ ಶಿಕ್ಷಕ ಮಗುವಿನ ಹಾಗೆ ಎದ್ದು ನಿಂತು "ಮೂವತ್ತೈದು" ಎನ್ನುವುದು. ಆಗ ಟೀಚರ ಮುಖ ನೋಡಬೇಕಿತ್ತು. "ತಪ್ಪು! ಇಷ್ಟೂ ಬರಲ್ವಾ? ಹೋಗು, ಕೊನೆ ಸಾಲಲ್ಲಿ ಕೂತ್ಕೊಂಡು ಸರಿ ಉತ್ತರ ಹತ್ತು ಸಲ ಬರಿ. ಬರೋರಿಗೆ ತೊಂದರೆ ಕೊಡಬೇಡ." ಆಮೇಲೆ ಮುಂದಿನ ಬೆಂಚಿನವರ ಜೊತೆ ಸಕ್ಕರೆಯಂಥ ದನಿಯಲ್ಲಿ ಪಾಠ ಸಾಗುತ್ತಿತ್ತು. ಯಾರಾದರೂ ಎದ್ದು "ನಿಲ್ಲಿಸಿ ಟೀಚರ್, ಇದು ಸರಿಯಲ್ಲ" ಎನ್ನುವವರೆಗೆ ಅವರು ನಿಲ್ಲಿಸುತ್ತಿರಲಿಲ್ಲ. ಕೆಲವು ತಂಡ ಎರಡೇ ನಿಮಿಷಕ್ಕೆ ಎದ್ದುಬಿಡುತ್ತಿತ್ತು. ಒಂದು ತಂಡವಂತೂ ಊಟದ ಹೊತ್ತಾದರೂ ಬಾಯಿ ಬಿಡಲಿಲ್ಲ. ಟೀಚರು ಆ ನಲವತ್ತು ವರ್ಷದ 'ಮಗು'ವನ್ನು ಕೊನೆ ಸಾಲಲ್ಲೇ ಬಿಟ್ಟು ಊಟಕ್ಕೆ ಹೊರಟುಹೋದರು. ತಡೆದವರ ಕೈಗೆ ಸೀಮೆಸುಣ್ಣ ಸಿಗುತ್ತಿತ್ತು, ಅಲ್ಲಿಂದ ನಿಜವಾದ ಪಾಠ.

ನಿಜವಾದ ಪಾಠ ಬಹಳ ದೊಡ್ಡದೇನಲ್ಲ. ಆ ಮಗುವನ್ನು ಕೇಳಬೇಕು, ಹೇಗ್ ಬಂತು ಮೂವತ್ತೈದು? ಮಗು ಹೇಳುತ್ತದೆ: ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದೆ. "ನೋಡಿದ್ರಾ, ಅದು ಯೋಚನೆ ಮಾಡಿದೆ. ಎಲ್ಲಿ ದಾರಿ ತಪ್ಪಿತೋ ಅಲ್ಲಿಗೆ ಹೋಗಿ ಕೈ ಹಿಡೀರಿ. ಯೋಚನೆ ಮಾಡಿದ ಮಗೂನ ಹಿಂದಕ್ಕೆ ಕಳಿಸಿ, ಪಕ್ಕದವನದು ನೋಡಿ ಬರೆದ ಮಗೂನ ಮುಂದೆ ಕೂರಿಸ್ಕೊಂಡ್ರೆ ನೀವು ಮೇಷ್ಟ್ರಲ್ಲ, ಗೇಟ್ ಕಾಯೋರು" ಎಂದು ಅವರು ಗುಡುಗಿದರೆ ಶಬ್ದದ ಫ್ಯಾನು ಕೂಡ ತೆಪ್ಪಗಾದಂತೆ ಅನಿಸುತ್ತಿತ್ತು.

ಹೀಗಿರುವಾಗ ಮೇಲಿನಿಂದ ಆದೇಶ ಬಂತು. ಇನ್ನು ತರಬೇತಿಯೆಲ್ಲ ಆನ್‌ಲೈನ್, ಅರವತ್ತೆರಡು ಸಾವಿರ ಶಿಕ್ಷಕರಿಗೆ, ನಲವತ್ತೈದೇ ದಿನದಲ್ಲಿ. ಕೋಳಿಯನ್ನು ಕೇಳಿ ಮಸಾಲೆ ಅರೆಯುವವರು ಯಾರಿದ್ದಾರೆ? ಟೀಚರನ್ನೂ ಯಾರೂ ಕೇಳಲಿಲ್ಲ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಅವರೇನೂ ಫೋನ್ ಕಂಡರೆ ಮೂಗು ಮುರಿಯುವ ಪೈಕಿ ಅಲ್ಲ. ನಲವತ್ತು ನಲವತ್ತು ಜನರಂತೆ ಕಲಿಸುತ್ತ ಹೋದರೆ ಅರವತ್ತೆರಡು ಸಾವಿರ ಮುಗಿಸಲು ಎಷ್ಟು ಕಾಲ ಬೇಕೆಂದು ಅವರೇ ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟಿದ್ದರು. ಎಳೆಗೂಸಿನ ತಾಯಂದಿರು, ಎರಡೆರಡು ಬಸ್ಸು ಬದಲಿಸಿ ಬರುವವರು, ಮೆಟ್ಟಿಲು ಹತ್ತಲಾಗದವರು ಮನೆಯಲ್ಲೇ ಕೂತು ಕಲಿಯುವಂತಾದರೆ ಬೇಡ ಎನ್ನಲು ಅವರಿಗೇನು ಹುಚ್ಚೇ? ಖುಷಿಯಿಂದಲೇ ರೆಕಾರ್ಡಿಂಗಿಗೆ ಹೋದರು.

ಸ್ಟುಡಿಯೋ ಎಂದರೆ ಕಿಟಕಿಗೆಲ್ಲ ಕಪ್ಪು ಕಾಗದ ಅಂಟಿಸಿದ ಒಂದು ಕೋಣೆ. ಗೋಡೆಗೆ ಹಸಿರು ಬಟ್ಟೆ. ಬೆಂಚಿಲ್ಲ, ಬೋರ್ಡಿಲ್ಲ, ಮಗು ಆಗಲಿಕ್ಕೆ ಒಬ್ಬರೂ ಇಲ್ಲ. "ಬೋರ್ಡು ಆಮೇಲೆ ಹಾಕ್ತೀವಿ ಮೇಡಂ, ಮಕ್ಕಳನ್ನೂ ಆಮೇಲೆ ಹಾಕ್ತೀವಿ" ಎಂದಳು ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸದವಳು. ಟೀಚರು ಖಾಲಿ ಗಾಳಿಗೆ ಬೈದು, ಖಾಲಿ ಗಾಳಿಯನ್ನು ಕೊನೆ ಸಾಲಿಗೆ ಕಳಿಸಿ, ತಪ್ಪು ಪಾಠ ಮಾಡಿದರು. ಮಾಡಿ, ಅಭ್ಯಾಸಬಲದಿಂದ ಕಾದರು. ಕ್ಯಾಮೆರಾದವನು ಹೆಬ್ಬೆರಳು ಎತ್ತಿ ತೋರಿಸಿದ.

"ಸೂಪರ್ ಮೇಡಂ. ಒಂದೇ ಟೇಕ್!"

"ಅಯ್ಯೋ, ಇದು ತಪ್ಪು ಪಾಠಪ್ಪ. ಯಾರಾದ್ರೂ ನನ್ನ ತಡೀಬೇಕು."

"ನಾವ್ಯಾಕೆ ತಡೀತೀವಿ ಮೇಡಂ? ಚೆನ್ನಾಗೇ ಬರ್ತಿದೆ."

ಕೊನೆಗೆ ತಮ್ಮನ್ನು ತಾವೇ ತಡೆದುಕೊಂಡು, ಎಲ್ಲಿ ತಪ್ಪಾಯಿತು, ಯಾಕೆ ತಪ್ಪು, ಮಗುವನ್ನು ಏನು ಕೇಳಬೇಕು ಎಂದು ನಲವತ್ತು ನಿಮಿಷ ಬಿಡಿಸಿ ಹೇಳಿದರು. ಹೊರಡುವಾಗ ಆ ಹೆಣ್ಣುಮಗಳ ಕೈ ಹಿಡಿದು, "ನೋಡಮ್ಮ, ಇವೆರಡನ್ನೂ ಬೇರೆ ಮಾಡಬೇಡ. ಮೊದಲನೇದು ಒಂದೇ ಹೋದ್ರೆ ಅನಾಹುತ ಆಗತ್ತೆ" ಎಂದರು. ಅವಳು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ಪಾಪ, ಅವಳ ಮೇಲೆ ಹನ್ನೊಂದು ವಿಷಯಗಳ ರಾಶಿ ಬಿದ್ದಿತ್ತು.

ವಾರದ ನಂತರ ಫೋನಿಗೆ ಒಂದು ಲಿಂಕ್ ಬಂತು, ನೋಡಿ ಒಪ್ಪಿಗೆ ಕೊಡಿ ಎಂದು. ಅವತ್ತು ಅತ್ತೆಯ ಕಣ್ಣಿನ ಪೊರೆ ತೆಗೆಸುವ ದಿನ. ಆಸ್ಪತ್ರೆಯ ಕಬ್ಬಿಣದ ಕುರ್ಚಿಯಲ್ಲಿ ಕೂತು, ಟೋಕನ್ ನಂಬರ್ ಕೂಗುವ ಗದ್ದಲದ ನಡುವೆ ಎರಡು ನಿಮಿಷ ನೋಡಿದರು. ಮುಖ ಸರಿಯಾಗಿ ಕಾಣುತ್ತಿತ್ತು, ದನಿ ಸರಿಯಾಗಿ ಕೇಳುತ್ತಿತ್ತು. 'ಒಪ್ಪಿದೆ' ಎಂಬಲ್ಲಿ ಒತ್ತಿದರು. ಇದನ್ನು ಮುಚ್ಚಿಡುವುದು ಬೇಡ, ಒತ್ತಿದ್ದು ಅವರದೇ ಬೆರಳು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಮೇಷ್ಟ್ರು ನಿಂತಿದ್ದರು. ಪಟ್ಟಣದ ಅಂಚಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು ನೋಡಿಕೊಳ್ಳುವವರು, ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದವರು. ಹೆಲ್ಮೆಟ್ ಕೂಡ ತೆಗೆದಿರಲಿಲ್ಲ.

"ಒಳಗೆ ಬನ್ನಿ ಮೇಷ್ಟ್ರೆ."

"ಬರಲ್ಲ. ಒಂದು ಮಾತು ಕೇಳ್ಕೊಂಡು ಹೋಗ್ತೀನಿ. ಹನ್ನೆರಡು ವರ್ಷದ ಹಿಂದೆ ನಿಮ್ಮ ತರಬೇತಿ ಕೋಣೇಲಿ ನಿಮ್ಮನ್ನ ಎದ್ದು ತಡೆದೋನು ನಾನು. ನನ್ನ ಕೈಗೆ ಸೀಮೆಸುಣ್ಣ ಕೊಟ್ರಿ. ಈಗ ಅದೇ ತಪ್ಪನ್ನ ಸರಿ ಅಂತ ನೀವೇ ಊರಿಗೆಲ್ಲ ಹೇಳ್ತಿದೀರಲ್ಲ, ನಿಮಗೆ ಏನಾಗಿದೆ?"

ಟೀಚರಿಗೆ ತಲೆಬುಡ ಅರ್ಥವಾಗಲಿಲ್ಲ. ಮೇಷ್ಟ್ರು ಫೋನ್ ತೆಗೆದು ಮುಖಕ್ಕೆ ಹಿಡಿದರು. ಪರದೆಯ ಮೇಲೆ ಟೀಚರೇ ನಿಂತಿದ್ದರು, ಹಿಂದೆ ಚೆಂದದ ಬೋರ್ಡು, ಮುಂದೆ ಬಣ್ಣಬಣ್ಣದ ಗೊಂಬೆ ಮಕ್ಕಳು. ಮೇಲೆ ದಪ್ಪಕ್ಷರದಲ್ಲಿ 'ಮಾದರಿ ಪಾಠ'. ಗೊಂಬೆ ಮಗುವೊಂದು ಮೂವತ್ತೈದು ಎಂದಿತು. ಪರದೆಯ ಟೀಚರು "ತಪ್ಪು! ಇಷ್ಟೂ ಬರಲ್ವಾ?" ಎಂದು ಸಿಡುಕಿದರು. ಗೊಂಬೆ ತಲೆ ತಗ್ಗಿಸಿ ಕೊನೆಯ ಸಾಲಿಗೆ ನಡೆಯಿತು. ಏಳು ನಿಮಿಷ ಐವತ್ತು ಸೆಕೆಂಡಿಗೆ ಪಾಠ ಮುಗಿದು, ಟಿಂಗ್ ಎಂದು ಗಂಟೆ ಬಾರಿಸಿ, ಐದು ನಕ್ಷತ್ರ ಮಿನುಗಿದವು. ಆ ನಲವತ್ತು ನಿಮಿಷ ಎಲ್ಲೂ ಇರಲಿಲ್ಲ.

ಆಮೇಲೆ ಪ್ರಶ್ನೆ ಬಂತು: ಮಗು ತಪ್ಪು ಉತ್ತರ ಹೇಳಿದಾಗ ಶಿಕ್ಷಕರು ಏನು ಮಾಡಬೇಕು? ಮೇಷ್ಟ್ರು ಅವರ ಕಣ್ಣೆದುರೇ 'ಉತ್ತರ ಹೇಗೆ ಬಂತೆಂದು ಮಗುವನ್ನು ಕೇಳಬೇಕು' ಎಂಬಲ್ಲಿ ಒತ್ತಿದರು. ಕೆಂಪು ಅಡ್ಡಗೆರೆ. 'ತಪ್ಪು ಉತ್ತರ. ದಯವಿಟ್ಟು ಮಾದರಿ ಪಾಠವನ್ನು ಮತ್ತೊಮ್ಮೆ ವೀಕ್ಷಿಸಿ.'

"ಇದು ಆರನೇ ಸಲ ಫೇಲು. ನೋಟಿಸ್ ಕೊಟ್ಟಿದಾರೆ ನನಗೆ. ಮೂವತ್ತು ವರ್ಷ ಪಾಠ ಮಾಡಿದ ಮೇಲೆ ಕಲಿಕೆಯಲ್ಲಿ ಹಿಂದುಳಿದ ಶಿಕ್ಷಕ ಅಂತೆ."

"ಬೇರೆಯವರು? ಇಷ್ಟು ಜನ ನೋಡಿದಾರಲ್ಲ, ಯಾರಿಗೂ ಇದು ತಪ್ಪು ಅಂತ ಗೊತ್ತಾಗ್ಲಿಲ್ವಾ?"

ಮೇಷ್ಟ್ರು ನಕ್ಕರು, ಆದರೆ ಅದು ನಗುವಾಗಿರಲಿಲ್ಲ. "ಗೊತ್ತಿಲ್ದೆ ಏನು ಟೀಚರ್? ಎಲ್ಲರಿಗೂ ಗೊತ್ತು. ಹಸಿರು ಗುರುತು ಎಲ್ಲಿ ಬರತ್ತೋ ಅಲ್ಲಿ ಒತ್ತಿದ್ರು, ಸರ್ಟಿಫಿಕೇಟ್ ಬಂತು, ಕೈ ತೊಳ್ಕೊಂಡ್ರು. ನಂದೇ ಕೆಟ್ಟ ಕೈ, ಒತ್ತೋಕೆ ಬರ್ಲಿಲ್ಲ."

ಟೀಚರ ಮುಖ ನೋಡಿದ ಮೇಲೆಯೇ ಮೇಷ್ಟ್ರಿಗೆ ಇದು ಅವರು ಬೇಕೆಂದು ಮಾಡಿದ್ದಲ್ಲ ಎಂದು ಹೊಳೆದು, ಹೆಲ್ಮೆಟ್ ತೆಗೆದು ಒಳಗೆ ಬಂದದ್ದು. ತರಬೇತಿ ಕೋಣೆಯಲ್ಲಿ ನಲವತ್ತು ಜನ ಇದ್ದಾಗ ಸಾಮಾನ್ಯವಾಗಿ ಒಬ್ಬರಾದರೂ ಎದ್ದು ನಿಲ್ಲುತ್ತಿದ್ದರು. ಇಲ್ಲಿ ಅರವತ್ತೆರಡು ಸಾವಿರ ಜನ, ಕಣ್ಣಿಗೆ ಕಾಣುವ ಅನ್ಯಾಯ, ತಮ್ಮದೇ ಕ್ಲಾಸಿನ ಮಕ್ಕಳು. ಎದ್ದು ನಿಲ್ಲಬೇಕಾಗಿಯೂ ಇರಲಿಲ್ಲ, ಒಂದು ಬೆರಳನ್ನು ಒಂದಿಂಚು ಆಚೆ ಇಟ್ಟಿದ್ದರೆ ಸಾಕಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆಯನ್ನು ಮಕ್ಕಳಿಗೆ ಹೇಳಿಕೊಡುವವರೇ ಇವರು. ಟೀಚರಿಗೆ ಮೈಯೆಲ್ಲ ಉರಿಯಿತು. ಉರಿಯ ಅಡಿಯಲ್ಲಿ ಆಸ್ಪತ್ರೆಯ ಕುರ್ಚಿ, ಟೋಕನ್ನಿನ ಗದ್ದಲ, ತಮ್ಮ ಬೆರಳು. ಬೈಯಲು ಬಾಯಿ ತೆರೆದವರು ಮುಚ್ಚಿಕೊಂಡರು.

"ಅವರೆಲ್ಲ ಬರೀ ಒತ್ತಿ ಸುಮ್ಮನಿದ್ದಿದ್ರೆ ನಾನೂ ಇಲ್ಲಿವರೆಗೆ ಬರ್ತಿರ್ಲಿಲ್ಲ" ಎಂದರು ಮೇಷ್ಟ್ರು. "ನಮ್ಮ ಶಾಲೇಲಿ ಆ ಕೊನೆ ಸಾಲನ್ನ ನಿಜವಾಗ್ಲೂ ಮಾಡಿದಾರೆ. ನಾಳೆ ಬಂದು ನೋಡಿ."

ಸೋಮವಾರ ಹೋದರು. ತಗ್ಗಿನ ಮಾಡು, ಉದ್ದ ಜಗಲಿ, ನೀರಿನ ಟ್ಯಾಂಕಿನ ಕೆಳಗೆ ಪಾಚಿ ಕಟ್ಟಿದ ನೆಲ. ಹೆಡ್ ಮಿಸ್ಸೇ ಮೂರನೇ ಕ್ಲಾಸನ್ನೂ ನೋಡಿಕೊಳ್ಳುತ್ತಿದ್ದರು. ಟೀಚರನ್ನು ಕಂಡು ಓಡೋಡಿ ಬಂದರು. "ಮೇಡಂ, ನೀವೇ ಬಂದ್ರಲ್ಲ! ನಿಮ್ಮ ಮಾದರಿ ಪಾಠಾನ ಚಾಚೂ ತಪ್ಪದೆ ಮಾಡಿದೀವಿ, ಬನ್ನಿ, ನೋಡಿ."

ತರಗತಿಯಲ್ಲಿ ಬೆಂಚುಗಳು ಮುಂದಕ್ಕೆ ಒತ್ತಿಕೊಂಡಿದ್ದವು. ಹಿಂದೆ ಎರಡು ಮಾರು ಜಾಗ ಬಿಟ್ಟು, ಗೋಡೆಗೆ ತಾಗಿ ಇನ್ನೊಂದು ಸಾಲು. ಅಲ್ಲಿ ಏಳು ಮಕ್ಕಳು ಬೆನ್ನು ಬಗ್ಗಿಸಿ ಬರೆಯುತ್ತಿದ್ದರು. ಸದ್ದಿಲ್ಲ, ತಂಟೆಯಿಲ್ಲ. ಎಂಟು ವರ್ಷದ ಮಕ್ಕಳು ಅಷ್ಟು ಸುಮ್ಮನಿರುವುದನ್ನು ಟೀಚರು ಮೂವತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಮೂಲೆಯಲ್ಲಿ ಕೂತ, ಎರಡು ಜಡೆಯಲ್ಲಿ ಒಂದು ಬಿಚ್ಚಿಹೋದ ಹುಡುಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಪುಸ್ತಕದ ತುಂಬ ಅದೇ ಲೆಕ್ಕ, ಅದೇ ಉತ್ತರ, ಇಪ್ಪತ್ತೈದು, ಇಪ್ಪತ್ತೈದು, ಇಪ್ಪತ್ತೈದು, ಮುತ್ತಿನಂಥ ಅಕ್ಷರ.

"ಚೆನ್ನಾಗಿ ಬರ್ದಿದೀಯಲ್ಲೇ. ಇದು ಹೇಗ್ ಬಂತು?"

ಹುಡುಗಿ ಥಟ್ಟನೆ ಕೈಯಿಂದ ಪುಟ ಮುಚ್ಚಿಕೊಂಡಳು. "ನಾನು ಯಾರ್ದೂ ನೋಡಿಲ್ಲ, ಬೋರ್ಡ್ ನೋಡಿ ಬರ್ದೆ" ಎಂದಳು.

ಇಪ್ಪತ್ತೆರಡು ವರ್ಷ ಸಾವಿರಾರು ಬಾಯಲ್ಲಿ ಹೇಳಿಸಿದ ಆ ಎರಡು ಮಾತಿಗೆ ಒಂದು ಮಗು ಹೀಗೆ ಹೆದರುತ್ತದೆ ಎಂದು ಯಾರಾದರೂ ಹೇಳಿದ್ದರೆ ಟೀಚರು ನಂಬುತ್ತಿರಲಿಲ್ಲ.

ಹೊರಗೆ ಬಂದು ಹೆಡ್ ಮಿಸ್ಸಿಗೆ ಎಲ್ಲವನ್ನೂ ಹೇಳಿದರು. ಅದು ತಪ್ಪು ಪಾಠ, ತಡೆಯಲೆಂದೇ ಮಾಡುವ ಪಾಠ, ಈಗಲೇ ಆ ಸಾಲು ತೆಗೆಯಿರಿ. ಹೆಡ್ ಮಿಸ್ ಕೆಟ್ಟವರೇನಲ್ಲ, ಆದರೆ ಅವರ ಕೈಯಲ್ಲಿ ಆ ಪಾಠ ನೋಡಿ ಕಚೇರಿಯವರು ಮಾಡಿ ಕಳಿಸಿದ ತಪಾಸಣೆಯ ಪಟ್ಟಿ ಇತ್ತು. ಮೂರನೇ ಪ್ರಶ್ನೆ: ಕೊನೆಯ ಸಾಲಿನ ವ್ಯವಸ್ಥೆ ಇದೆಯೇ? ಹೌದು ಅಥವಾ ಇಲ್ಲ.

"ನೀವು ಬಾಯಲ್ಲಿ ಹೇಳಿದ್ರೆ ಹೇಗೆ ಮೇಡಂ? ತಪಾಸಣೆಯೋರು ಬಂದು ಇಲ್ಲ ಅಂತ ಬರ್ಕೊಂಡ್ರೆ ಉತ್ತರ ಕೊಡೋಳು ನಾನು. ಮೇಲಿಂದ ಒಂದು ಕಾಗದ ತರ್ಸಿ, ಆ ಕ್ಷಣ ತೆಗೀತೀನಿ. ನಿಮ್ಮ ಸಹಿ ಇರೋ ಸರ್ಟಿಫಿಕೇಟೇ ಅಲ್ವಾ ಇಲ್ಲಿ ತಗಲ್ಹಾಕಿರೋದು?"

ಟೀಚರು ಗೋಡೆ ನೋಡಿದರು. ಗಾಜಿನ ಚೌಕಟ್ಟಿನೊಳಗೆ ಹೆಡ್ ಮಿಸ್ಸಿನ ಪ್ರಮಾಣಪತ್ರ. ಕೆಳಗೆ ಬಲಗಡೆ ಟೀಚರದೇ ಸಹಿ, ಕೊನೆಯ ಅಕ್ಷರದ ಬಾಲ ಮೇಲಕ್ಕೆ ಹೋಗುವ ಸಹಿ. ಅಂಥದ್ದಕ್ಕೆ ಅವರು ಸಹಿ ಹಾಕಿದ್ದೇ ಇಲ್ಲ.

ಮಾರನೆಯ ದಿನ ದೊಡ್ಡ ಕಚೇರಿಯಲ್ಲಿ ಎರಡು ಗಂಟೆ ಕಾದ ಮೇಲೆ ನಿರ್ದೇಶಕರು ಸಿಕ್ಕರು. ಸಭ್ಯರು. ನೀರು ತರಿಸಿ, ಅತ್ತೆಯ ಕಣ್ಣು ಹೇಗಿದೆ ಎಂದು ಕೂಡ ಕೇಳಿದರು. ಮೇಜಿನ ಹಿಂದಿನ ದೊಡ್ಡ ಪರದೆಯಲ್ಲಿ ಅಂಕಿ ಹೊಳೆಯುತ್ತಿದ್ದವು: ತೇರ್ಗಡೆ ಶೇಕಡಾ ತೊಂಬತ್ತೊಂಬತ್ತೂವರೆ, ಅನುತ್ತೀರ್ಣ ಮುನ್ನೂರ ಹನ್ನೊಂದು.

"ಸರ್, ಆ ವಿಡಿಯೋ ಇವತ್ತೇ ತೆಗೀಬೇಕು. ಅದು ತಪ್ಪು ಪಾಠ. ಅದರ ಉಳಿದರ್ಧ ಎಲ್ಲಿ ಹೋಯ್ತು?"

ನಿರ್ದೇಶಕರು ಫೋನ್ ಮಾಡಿ ವಿಚಾರಿಸಿದರು. ಉಳಿದರ್ಧ ಎಲ್ಲೂ ಹೋಗಿರಲಿಲ್ಲ. ಪಾಠದ ಪುಟದಲ್ಲಿ ಎಂಟು ನಿಮಿಷಕ್ಕಿಂತ ಉದ್ದದ ವಿಡಿಯೋ ಹಾಕುವಂತಿಲ್ಲ ಎಂಬ ನಿಯಮದಂತೆ ಅದು 'ಹೆಚ್ಚಿನ ಮಾಹಿತಿಗೆ' ಎಂಬ ಇನ್ನೊಂದು ಪುಟದಲ್ಲಿ ಕೂತಿತ್ತು. ಪ್ರಮಾಣಪತ್ರಕ್ಕೆ ಅದನ್ನು ನೋಡುವ ಅಗತ್ಯ ಇರಲಿಲ್ಲ. ಈವರೆಗೆ ನೋಡಿದವರು ಹತ್ತೊಂಬತ್ತು ಜನ. ಪ್ರಶ್ನೆ ಬರೆದವರು ಬೇರೆಯದೇ ಸಂಸ್ಥೆಯವರು, ಅವರಿಗೆ ಕಳಿಸಿದ್ದು ಮೊದಲನೆಯದನ್ನು ಮಾತ್ರ.

"ತಾಂತ್ರಿಕ ಸಮಸ್ಯೆ ಮೇಡಂ. ಮುಂದಿನ ವರ್ಷದ ಆವೃತ್ತೀಲಿ ಸರಿಮಾಡೋಣ."

"ಮುಂದಿನ ವರ್ಷ ಆ ಮಕ್ಕಳು ಮೂರನೇ ಕ್ಲಾಸಲ್ಲಿ ಇರಲ್ಲ ಸರ್."

"ನೋಡಿ, ಈಗ ತಪ್ಪು ಅಂತ ಒಪ್ಕೊಂಡ್ರೆ ಅರವತ್ತೆರಡು ಸಾವಿರ ಸರ್ಟಿಫಿಕೇಟು ಏನಾಗ್ಬೇಕು? ಇಷ್ಟಕ್ಕೂ ಒಬ್ಬರೂ ದೂರು ಕೊಟ್ಟಿಲ್ವಲ್ಲ."

"ಮುನ್ನೂರ ಹನ್ನೊಂದು ಜನ ಫೇಲಾಗಿದಾರಲ್ಲ ಸರ್, ಅದೇ ದೂರು! ಫೇಲಾದೋರೆಲ್ಲ ಸರಿ ಉತ್ತರ ಕೊಟ್ಟೋರು. ಒಮ್ಮೆ ತೆಗೆದು ನೋಡಿ."

"ಅವರಿಗೆ ವಿಶೇಷ ತರಬೇತಿ ಇಟ್ಟಿದೀವಿ. ಕ್ಯಾಮೆರಾ ಆನ್ ಇಟ್ಕೊಂಡು ಅದೇ ವಿಡಿಯೋ ಮೂ‌ರು ಸಲ ನೋಡ್ಬೇಕು."

ಗಾಯದ ಮೇಲೆ ಬರೆ ಎಂದರೆ ಇದು. ಟೀಚರು ಎದ್ದು ನಿಂತರು. ನಿರ್ದೇಶಕರು ಸಮಾಧಾನದ ದನಿಯಲ್ಲೇ ಒಂದು ಹಾಳೆ ಮುಂದೆ ಸರಿಸಿದರು. ದಿನಾಂಕ, ಗಂಟೆ, 'ಒಪ್ಪಿದೆ', ವೀಕ್ಷಿಸಿದ ಅವಧಿ ಒಂದು ನಿಮಿಷ ಐವತ್ತೆರಡು ಸೆಕೆಂಡು. "ಒಪ್ಪಿಗೆ ಕೊಟ್ಟಿದ್ದು ನೀವೇ ಮೇಡಂ. ಇದನ್ನ ದೊಡ್ಡದು ಮಾಡಿದ್ರೆ ಮೊದಲು ಕೆಟ್ಟ ಹೆಸರು ಬರೋದು ನಿಮಗೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಹೌದು, ಒತ್ತಿದೆ. ನೋಡ್ದೆ ಒತ್ತಿದೆ. ನಾಚಿಕೆ ಆಗ್ಬೇಕು ನನಗೆ, ಆಗಿದೆ. ಅದಕ್ಕೇ ತಿದ್ದೋಕೆ ಬಂದಿದೀನಿ, ನೀವು ಯಾಕೆ ಒಪ್ತಿಲ್ಲ?" ದನಿ ಏರಿತು, ಹೊರಗಿನ ಗುಮಾಸ್ತ ಬಾಗಿಲು ತೆರೆದು ಇಣುಕಿದ. "ಒಂದು ಕೇಳ್ತೀನಿ ಹೇಳಿ. ಸರ್ಟಿಫಿಕೇಟ್ ಮೇಲೆ ನನ್ನ ಸಹಿ ಹೇಗ್ ಬಂತು?"

"ಹಾಜರಿ ಪುಸ್ತಕದಿಂದ ಸ್ಕ್ಯಾನ್ ಮಾಡ್ಕೊಂಡ್ವಿ. ಎಲ್ಲರದೂ ಹಾಗೇ."

"ನನ್ನ ಕೇಳ್ದೆ?"

"ಕೇಳೋದೇನಿದೆ ಮೇಡಂ, ಅದು ನಿಮಗೆ ಗೌರವ ಅಲ್ವಾ?"

ಮನೆಗೆ ಬಂದು ಚೀಲ ಎಸೆದು, ಕೈಕಾಲು ಕೂಡ ತೊಳೆಯದೆ ಕೂತರು. ಗಂಡ ಹತ್ತಿರ ಸುಳಿಯಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಯಾವಾಗ ಮಾತಾಡಬಾರದು ಎನ್ನುವಷ್ಟು ಬುದ್ಧಿ ಬಂದಿತ್ತು. ಅತ್ತೆಗೆ ಆ ಹಂಗಿಲ್ಲ. ಕಪ್ಪು ಕನ್ನಡಕ ಮೂಗಿಗೇರಿಸಿ ಎಲ್ಲವನ್ನೂ ಕೇಳಿಸಿಕೊಂಡು, ಒಂದೇ ಒಂದು ಪ್ರಶ್ನೆ ಕೇಳಿದರು.

"ಆ ಹೆಡ್ ಮಿಸ್ಸು ನಂಬಿರೋದು ಯಾರನ್ನ? ಆಫೀಸನ್ನೋ, ನಿನ್ನ ಸಹೀನೋ?"

"ಕಾಗದ ಕೇಳ್ತಾರೆ ಅತ್ತೆ. ಸಹಿ ಇರೋ ಕಾಗದ."

"ಮತ್ತೆ ಸಹಿ ನಿಂದೇ ತಾನೆ? ಅವರು ನಿನ್ನ ಕೇಳ್ದೆ ಹಾಕಿದ್ರು. ನೀನು ಅವರನ್ನ ಕೇಳ್ದೆ ಹಾಕು. ಇದಕ್ಕೆ ಇಷ್ಟು ಓದ್ಬೇಕಾ?"

ಟೀಚರು ಅತ್ತೆಯ ಮುಖವನ್ನೇ ನೋಡಿದರು. ಆಮೇಲೆ ಎದ್ದು ಕೈಕಾಲು ತೊಳೆದು, ಗೆರೆ ಹಾಕಿದ ಹಾಳೆ ತೆಗೆದುಕೊಂಡು ಬರೆಯಲು ಕೂತರು. 'ಮಾದರಿ ಪಾಠ ಎಂದು ತೋರಿಸಿರುವುದು ತಪ್ಪು ಪಾಠ. ಅದನ್ನು ಪೂರ್ತಿ ನೋಡದೆ ಒಪ್ಪಿದ್ದು ನನ್ನ ತಪ್ಪು. ಅದರಂತೆ ಮಾಡಿರುವ ಕೊನೆಯ ಸಾಲನ್ನು ಈ ಪತ್ರ ತಲುಪಿದ ಕೂಡಲೇ ತೆಗೆಯತಕ್ಕದ್ದು. ಆ ಪಾಠದ ಪ್ರಶ್ನೆಯಲ್ಲಿ ತೇರ್ಗಡೆಯಾದವರು ತಪ್ಪು, ಅನುತ್ತೀರ್ಣರಾದವರು ಸರಿ.' ಇದು ಅಧಿಕಾರ ಮೀರಿದ ಕೆಲಸ, ನೋಟಿಸ್ ಬರುತ್ತದೆ, ನಿವೃತ್ತಿಯ ಹೊಸ್ತಿಲಲ್ಲಿ ವಿಚಾರಣೆಯಾಗುತ್ತದೆ ಎಂಬುದೆಲ್ಲ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗೆ ಸಹಿ ಮಾಡಿದರು, ಕೊನೆಯ ಅಕ್ಷರದ ಬಾಲ ಮೇಲಕ್ಕೆ. ಮೇಷ್ಟ್ರು ಬಂದು ಅದರ ಫೋಟೊ ತೆಗೆದು ಫೇಲಾದವರೆಲ್ಲ ಮಾಡಿಕೊಂಡಿದ್ದ ಫೋನಿನ ಗುಂಪಿಗೆ ಕಳಿಸಿದರು. ಅವರವರ ಶಾಲೆಗೆ ಅವರವರು ಒಯ್ಯಲಿ ಎಂದು.

ಮರುದಿನ ಇಬ್ಬರೂ ಆ ಪಟ್ಟಣದಂಚಿನ ಶಾಲೆಗೆ ಹೋದರು. ಹೆಡ್ ಮಿಸ್ ಪತ್ರವನ್ನು ಎರಡು ಸಲ ಓದಿದರು. ಎದ್ದು ಹೋಗಿ ಅದನ್ನು ಗೋಡೆಯ ಚೌಕಟ್ಟಿನ ಪಕ್ಕ ಹಿಡಿದು, ಗಾಜಿನೊಳಗಿನ ಸಹಿಯನ್ನೂ ಕಾಗದದ ಸಹಿಯನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡಿದರು.

"ಇದನ್ನ ಫೈಲ್ ಮಾಡಿದ್ರೆ ನನ್ನ ಸರ್ಟಿಫಿಕೇಟು ಸುಳ್ಳಾಗತ್ತಲ್ಲ ಮೇಡಂ."

"ಆಗತ್ತೆ."

"ಅದೂ ನಿಮ್ಮ ಸಹಿ, ಇದೂ ನಿಮ್ಮ ಸಹಿ. ಯಾವುದನ್ನ ನಂಬ್ಲಿ ನಾನು?"

"ಅದು ನಾನಿಲ್ಲದಾಗ ಹಾಕಿದ್ದು. ಇದು ಹಾಕಿದೋಳು ನಿಮ್ಮ ಮುಂದೆ ನಿಂತಿದೀನಿ."

ಹೆಡ್ ಮಿಸ್ ಮೇಜಿಗೆ ಮರಳಿದರು. ಆಮೇಲೆ 'ಸ್ವೀಕರಿಸಲಾಗಿದೆ' ಎಂಬ ಮುದ್ರೆ ಒತ್ತಿ, ದಿನಾಂಕ ಬರೆದು, ಪತ್ರವನ್ನು ಫೈಲಿಗೆ ಸೇರಿಸಿದರು. ಕಾಗದ ಸಿಕ್ಕ ಮೇಲೆ ಅವರ ಮುಖದಲ್ಲಿ ನೆಮ್ಮದಿ ಕೂಡ ಕಂಡಿತು. ತರಗತಿಯ ಬಾಗಿಲಲ್ಲಿ ನಿಂತು ಕೈ ತಟ್ಟಿದರು. "ಹಿಂದಿನ ಸಾಲಿನೋರೆಲ್ಲ ಏಳಿ. ಮುಂದೆ ಬಂದು ಎಲ್ಲಿ ಬೇಕೋ ಅಲ್ಲಿ ಕೂತ್ಕೊಳ್ಳಿ."

ಗೆದ್ದೆವು ಎಂದು ಮೇಷ್ಟ್ರು ಟೀಚರ ಕಡೆ ನೋಡಿ ನಕ್ಕರು. ಟೀಚರಿಗೆ ನಗು ಬರಲಿಲ್ಲ, ಸಿಟ್ಟು ಮೊದಲಿಗಿಂತ ಹೆಚ್ಚೇ ಬಂತು. ಏಳು ಮಕ್ಕಳನ್ನು ಗೋಡೆಗೆ ಕೂರಿಸಲಿಕ್ಕೂ ಒಂದು ಸಹಿ ಸಾಕಾಯಿತು, ಎಬ್ಬಿಸಲಿಕ್ಕೂ ಒಂದು ಸಹಿಯೇ ಬೇಕಾಯಿತು. ನಡುವಿನ ಅಷ್ಟೂ ವಾರ ದಿನಕ್ಕೆ ಐದು ತಾಸು ಆ ಮಕ್ಕಳ ಮುಖ ಇದೇ ಕೋಣೆಯಲ್ಲಿ, ಇವರೆಲ್ಲರ ಕಣ್ಣೆದುರೇ ಇತ್ತು. ಅದನ್ನು ನೋಡಿ ಒಬ್ಬರಾದರೂ ಸಾಲು ಕದಲಿಸಲಿಲ್ಲವಲ್ಲ!

ಆರು ಮಕ್ಕಳು ಪುಸ್ತಕ ಎದೆಗವಚಿಕೊಂಡು ಎದ್ದರು. ಮೂಲೆಯ ಹುಡುಗಿ ಏಳಲಿಲ್ಲ. ತಲೆ ಕೂಡ ಎತ್ತದೆ ಬರೆಯುತ್ತಲೇ ಇದ್ದಳು. ಟೀಚರು ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಏಳು ಮಗಳೇ. ಮುಂದೆ ಹೋಗೋಣ. ಇನ್ನು ಇಲ್ಲಿ ಕೂರೋದು ಬೇಡ."

"ಇನ್ನೂ ನಾಲ್ಕು ಸಲ ಇದೆ" ಎಂದಳು ಹುಡುಗಿ.

"ಬರೀಬೇಡ, ಬಿಡು. ಆ ಪಾಠ ತಪ್ಪು. ನಾನೇ ತಪ್ಪು ಹೇಳಿಕೊಟ್ಟಿದ್ದು."

ಹುಡುಗಿ ಅವರನ್ನೊಮ್ಮೆ ನೋಡಿದಳು, ಬಾಗಿಲಲ್ಲಿದ್ದ ಹೆಡ್ ಮಿಸ್ಸನ್ನೊಮ್ಮೆ ನೋಡಿದಳು. ನಂಬಿದಂತೆ ಕಾಣಲಿಲ್ಲ. ಮತ್ತೆ ಬಗ್ಗಿ, ಎಡಗೈಯಿಂದ ಪುಟಕ್ಕೆ ಮರೆ ಮಾಡಿಕೊಂಡು, ಒಂದೊಂದೇ ಅಂಕಿ ದುಂಡಗೆ ಬರೆದು ನಾಲ್ಕನ್ನೂ ಮುಗಿಸಿದಳು. ಟೀಚರು ಅಷ್ಟು ಹೊತ್ತೂ ಕೂತೇ ಇದ್ದರು. ಬರೆದು ಮುಗಿದ ಮೇಲೆ ಹುಡುಗಿ ಎದ್ದಳು, ಪುಸ್ತಕ ಮುಚ್ಚಿದಳು, ಮುಂದಿನ ಬೆಂಚುಗಳ ಕಡೆ ಹೋಗದೆ ಅಲ್ಲೇ ಗೋಡೆಗೆ ಬೆನ್ನು ಹಚ್ಚಿ ನಿಂತುಕೊಂಡಳು.